ಮಫ್ಲರ್ ಸುತ್ತಿದ ಡಿಸ್ಕು

ನಡುಮನೆ, ಕಿಟಕಿ ಪಕ್ಕದ ಮೇಜು
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸಮುದ್ರ ಕೆಟ್ಟಿದೆ, ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಎಂದು ಬರೆದಿದ್ದೆ. ಈಗ ನಿಲ್ಲುತ್ತಿದೆಯೇ? ಎಂಜಿನ್ ಕೋಣೆಯ ಸೆಕೆಗೆ ಕತ್ತಿನ ಮೇಲೆಲ್ಲ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹಡಗಿನಲ್ಲಿ ಎಲ್ಲರ ಮೋಟಾರು ರಿಪೇರಿ ಮಾಡುವವಳು ನಿನ್ನ ಮೈಯನ್ನೂ ಸ್ವಲ್ಪ ನೋಡಿಕೋ. ನಾನು ಚೆನ್ನಾಗಿದ್ದೇನೆ. ಲಾಂಡ್ರಿಯಲ್ಲಿ ಈ ವಾರ ಹಾಸಿಗೆ ಹೊದಿಕೆಗಳ ರಾಶಿ, ಎಡಗೈಗೆ ಇಸ್ತ್ರಿ ತಾಗಿದೆ, ಬೊಬ್ಬೆ ಒಣಗುತ್ತಿದೆ. ಅಪ್ಪ ದೂರದ ರೂಟಿನಲ್ಲಿದ್ದಾರೆ, ಬಸ್ಸು ನಿಂತಲ್ಲೆಲ್ಲ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬಂತಾ?" ಏನು ಬಂತಾ ಎಂಬುದನ್ನೇ ಈಗ ಬರೆಯಲು ಕೂತಿದ್ದೇನೆ. ಅಮ್ಮ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ನಾನು ಹೊಡೆಯುವ ಒಂದೊಂದು ಅಕ್ಷರವನ್ನೂ ಕನ್ನಡಕದ ಮೇಲಿಂದ ಓದುತ್ತಿದ್ದಾಳೆ. ತಪ್ಪು ಹೊಡೆದರೆ ನೆತ್ತಿಗೆ ಒಂದು ಮೊಟಕು. ನಾಲ್ಕನೇ ಕ್ಲಾಸಿನ ಮೇಷ್ಟರಿಗೂ ಇಷ್ಟು ಶ್ರದ್ಧೆ ಇರಲಿಲ್ಲ.

ಓದುವಾಗ ಗಾಬರಿ ಬೀಳಬೇಡ. ಹಾಗಂತ ಕೊನೆಗೆ ಹಾರಿ ಹೋಗಿಯೂ ಓದಬೇಡ. ನಾವು ಎರಡು ದಿನ ಉಸಿರು ಬಿಗಿ ಹಿಡಿದಿದ್ದೇವೆ, ನೀನು ಎರಡು ಪುಟ ಹಿಡಿ. ಭಾನುವಾರ ಬೆಳಿಗ್ಗೆ ಅಮ್ಮನ ಧ್ವನಿ ಕಾಣೆಯಾಯಿತು. ಗಂಟಲಲ್ಲಿರುವುದಲ್ಲ, ಅದು ಹೇಗೂ ದಿನದಿನಕ್ಕೆ ಇಳಿಯುತ್ತಲೇ ಇದೆ. ನೀನು ಡಿಸ್ಕಿನಲ್ಲಿ ತುಂಬಿಟ್ಟು ಹೋದ ಧ್ವನಿ. ಮುಂದಿನ ತಿಂಗಳು ಎಂದು ನೀನಿದ್ದಾಗ ಡಾಕ್ಟರು ಹೇಳಿದ್ದರಲ್ಲ, ಆ ಆಪರೇಷನ್ ಆದ ಮೇಲೆ ಗಂಟಲಿನಿಂದ ಮಾತು ಹೊರಡುವುದಿಲ್ಲ. ಆಮೇಲೆ ಅಮ್ಮ ಮಾತಾಡಬೇಕಾದದ್ದು ಪರದೆಯ ಮೇಲೆ ನೀನು ಮಾಡಿಕೊಟ್ಟ, ಒತ್ತಿದರೆ ಡಿಸ್ಕಿನ ದನಿ ಹೊರಡುವ ಗುಂಡಿಗಳಿಂದಲೇ. ಅದಕ್ಕೆ ಒಂದೊಂದಾಗಿ ಅಭ್ಯಾಸ ಮಾಡೋಣ ಎಂದು ಕಂಪ್ಯೂಟರು ಹಚ್ಚಿ, ಡಿಸ್ಕಿನ ವೈರು ಸಿಕ್ಕಿಸಿ ‘ನೀರು ಬೇಕು’ ಎಂಬ ಗುಂಡಿ ಒತ್ತಿದೆ. ಸದ್ದಿಲ್ಲ. ‘ಬಾಗಿಲು ತೆಗಿ’ ಒತ್ತಿದೆ. ಸದ್ದಿಲ್ಲ. ಆ ಜಾಗದಲ್ಲಿ ಫೋಲ್ಡರೇ ಇಲ್ಲ ಎಂದು ಪರದೆ ಹೇಳಿತು. ಅದೇ ಹೊತ್ತಿಗೆ ಗೋಡೆಯ ಕಬ್ಬಿಣದ ಬೀರುವಿನ ಒಳಗಿನಿಂದ ಟಿಕ್ ಎಂದು ಕೇಳಿಸಿತು. ಸ್ವಲ್ಪ ಹೊತ್ತು ಸುಂಯ್ ಎಂದು ಏಳಲು ನೋಡಿ, ಆಗದೆ, ಮತ್ತೆ ಟಿಕ್.

ಬೀರುವಿನ ಒಳಗೆ ಯಾಕೆ ಎಂದು ನೀನು ಈಗ ಹಡಗಿನಲ್ಲಿ ಕೂಗಿರುತ್ತೀಯ. ನೀನು ಡಿಸ್ಕನ್ನು ಮೇಜಿನ ಮೇಲೆ, ಗಿಡ್ಡ ವೈರಿನಲ್ಲಿ ಸಿಕ್ಕಿಸಿ ಹೋಗಿದ್ದೆ. ನೀನು ಹೊಸಿಲು ದಾಟಿದ ವಾರವೇ ಅಮ್ಮ ಅದರ ಪಾಲನೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಗಂಟಲಿಗೆ ತಣ್ಣನೆ ಗಾಳಿ ತಾಗಬಾರದು ಎಂದು ಡಾಕ್ಟರು ಹೇಳಿದ್ದಾರೆ, ಆದ್ದರಿಂದ ಡಿಸ್ಕಿಗೆ ಉಣ್ಣೆಯ ಮಫ್ಲರು ಸುತ್ತಿದಳು. ಧೂಳಿರುವ ಕಡೆ ಹೋಗಬಾರದು ಎಂದಿದ್ದಾರೆ, ಆದ್ದರಿಂದ ಅದು ಬೀರುವಿನೊಳಕ್ಕೆ ಹೋಯಿತು. ಬೀರುವಿನ ಹಿಂದಿನ ತೂತಿನಿಂದ ಮೇಜಿನವರೆಗೆ ಬರಲು ಎಲ್ಲಿಂದಲೋ ಒಂದು ಉದ್ದದ ಸಪೂರ ವೈರು ತಂದು, ಅದಕ್ಕೆ ಇನ್ನೊಂದನ್ನು ಜೋಡಿಸಿದಳು. ರಾತ್ರಿ ಗಂಟಲಿಗೆ ವಿಶ್ರಾಂತಿ ಕೊಡಿ ಎಂದಿದ್ದಾರೆ, ಆದ್ದರಿಂದ ಮಲಗುವ ಮುಂಚೆ ವೈರು ಕಿತ್ತು, ಬೀರುವಿಗೆ ಬೀಗ ಹಾಕುತ್ತಿದ್ದಳು. "ಹೇಳದೆ ಕೀಳಬೇಡಿ, ಮೊದಲು ಕಂಪ್ಯೂಟರಿಗೆ ಹೇಳಿ, ಅದು ಬಿಟ್ಟುಕೊಟ್ಟ ಮೇಲೆ ಕೀಳಿ" ಎಂದು ನೀನು ಬಾಯಿ ಬಡಿದುಕೊಂಡಿದ್ದು ನನಗೆ ಗೊತ್ತಿತ್ತು. ಅಮ್ಮ ಹೇಳಿಯೇ ಕೀಳುತ್ತಿದ್ದಳಂತೆ. "ಮಲಕ್ಕೋ ಇನ್ನು" ಎಂದು ಪರದೆಗೆ ಬಾಯಲ್ಲೇ ಹೇಳುತ್ತಿದ್ದಳಂತೆ! ಈ ಸಾಲನ್ನು ಅಳಿಸು ಎಂದು ಈಗ ಮೊಟಕುತ್ತಿದ್ದಾಳೆ. ಅಳಿಸುವುದಿಲ್ಲ.

ನಗು ಬರುತ್ತಿದೆಯಲ್ಲ? ಭಾನುವಾರ ನಮಗೆ ಬರಲಿಲ್ಲ. ಇನ್ನೊಂದು ನಕಲು ಇಲ್ಲ. ರೆಕಾರ್ಡಿಂಗ್ ಎಲ್ಲ ಮುಗಿಯಲಿ, ಆಮೇಲೆ ಒಟ್ಟಿಗೆ ನಕಲು ಮಾಡೋಣ ಎಂದು ಕೂತಿದ್ದೆವು. ಮತ್ತೆ ಮೊದಲಿನಿಂದ ಓದಿಸೋಣ ಎಂದರೆ ಓದುವ ಗಂಟಲೇ ಇಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಅಷ್ಟು ದೊಡ್ಡ ಗದ್ದಲದ ಮೇಲೆ ತೇಲಿ ಬರುತ್ತಿದ್ದ ದನಿ ಈಗ ಒಲೆಯ ಮೇಲಿನ ಪಾತ್ರೆಯ ಸದ್ದಿಗೂ ಸೋಲುತ್ತದೆ. ಊಟಕ್ಕೆ ಕರೆಯುವಾಗಲೂ "ಪ್ರಯಾಣಿಕರ ಗಮನಕ್ಕೆ, ಅನ್ನ ಇನ್ನೇನು ಹೊರಡಲಿದೆ" ಎನ್ನುತ್ತಿದ್ದವಳು ಈಗ ಚಪ್ಪಾಳೆ ತಟ್ಟುತ್ತಾಳೆ. ಒಂದು ತಟ್ಟಿದರೆ ಬಾ, ಎರಡು ತಟ್ಟಿದರೆ ಬೇಗ ಬಾ. ಭಾನುವಾರ ಅವಳು ತಟ್ಟಲೂ ಇಲ್ಲ. ಬೀರುವಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು. ಒಳಗೆ ಟಿಕ್ ಎಂದಾಗಲೆಲ್ಲ ಅವಳ ಕೈ ತಾನಾಗಿ ಗಂಟಲಿಗೆ ಹೋಗುತ್ತಿತ್ತು. ಅದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ.

"ಮೊದಲು ನೋಡು, ಆಮೇಲೆ ಮುಟ್ಟು" ಎಂದು ನೀನು ಹೇಳಿಕೊಟ್ಟಿದ್ದೆ. ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು, ಸಿಕ್ಕಿಸಿರುವ ಡಿಸ್ಕುಗಳನ್ನೆಲ್ಲ ಸಾಲಾಗಿ ತೋರಿಸುವ ಆಜ್ಞೆ ಹೊಡೆದೆ. ಕಂಪ್ಯೂಟರಿನ ಹೊಟ್ಟೆಯೊಳಗಿನ ಪುಟ್ಟ ಡಿಸ್ಕು ಮಾತ್ರ ಬಂತು, ಅಮ್ಮನದು ಬರಲಿಲ್ಲ. ಆಮೇಲೆ ಯಂತ್ರ ತನ್ನಷ್ಟಕ್ಕೆ ಗೊಣಗುವುದನ್ನು ತೋರಿಸುವ ಇನ್ನೊಂದು ಆಜ್ಞೆ, ನೀನು ಅದನ್ನು ‘ಅತ್ತೆಯ ವಟವಟ’ ಎನ್ನುತ್ತಿದ್ದೆ, ಅದನ್ನೂ ಹೊಡೆದೆ. ನನ್ನ ಇಂಗ್ಲಿಷು ನಿನಗೆ ಗೊತ್ತೇ ಇದೆ, ಇಸ್ತ್ರಿಪೆಟ್ಟಿಗೆಯ ಮೇಲಿನ ‘ಹಾಟ್’ ತನಕ. ಆದರೂ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದೆ. ಹೊಸ ಯುಎಸ್‌ಬಿ ಬಂತು ಎಂದು ಒಂದು ಸಾಲು, ಮರುಸಾಲಿನಲ್ಲೇ ಡಿಸ್‌ಕನೆಕ್ಟ್. ಮತ್ತೆ ಬಂತು, ಮತ್ತೆ ಹೋಯಿತು. ಪುಟದ ತುಂಬ ಅದೇ. ಬಾಗಿಲು ತಟ್ಟಿ ಒಳಗೆ ಬರದೆ ಓಡಿಹೋಗುವವರ ಹಾಗೆ. ವೈರಿನ ತುದಿಯನ್ನು ಕಂಪ್ಯೂಟರಿನ ಮುಂದಿನ ತೂತಿಗೂ ಹಿಂದಿನ ತೂತಿಗೂ ಹಾಕಿ ನೋಡಿದೆ, ಅಷ್ಟೇ. ಹಡಗಿಗೆ ಫೋನು ಮಾಡಿಸೋಣ ಎಂದರೆ ಅಮ್ಮ ಎರಡೂ ಕೈ ಅಡ್ಡ ಆಡಿಸಿದಳು. ನಿನಗೆ ಗೊತ್ತಾಗಬಾರದಂತೆ. ನೀನು ಅಲ್ಲಿ ಊಟ ಬಿಡುತ್ತೀಯಂತೆ.

ಸೋಮವಾರ ಅರ್ಧ ದಿನ ರಜೆ ಹಾಕಿ, ಡಿಸ್ಕನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ರಿಪೇರಿ ಅಂಗಡಿಗೆ ಹೋದೆ. ಕಿವಿಯ ಹಿಂದೆ ಸದಾ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಾರಲ್ಲ, ನಮ್ಮ ಸ್ಕ್ರೂ ಮಾಮ, ಅವರ ಅಂಗಡಿ. ಒಳಗೆ ಜನ. ನನ್ನ ಸ್ವಭಾವ ನಿನಗೆ ಗೊತ್ತು, ನಾಲ್ಕು ಜನರಿದ್ದರೆ ನನ್ನ ನಾಲಿಗೆ ಮಡಿಸಿಟ್ಟ ಬಟ್ಟೆ. ಒಡೆದ ಫೋನುಗಳವರು ಬಂದರು, ಹೋದರು, ನಾನು ಮೂಲೆಯಲ್ಲಿ ಕ್ಯಾಲೆಂಡರ್ ಓದುತ್ತ ನಿಂತಿದ್ದೆ. ಕೊನೆಗೆ ಮಾಮನೇ "ಏನೋ ಲಾಂಡ್ರಿ, ಹೊಟ್ಟೆ ನೋವಾ? ಅವಾಗಿಂದ ಹಿಡ್ಕೊಂಡು ನಿಂತಿದ್ದೀಯ" ಎಂದು ಕೇಳಿದರು. ಡಿಸ್ಕು ತೆಗೆದು ಕೊಟ್ಟೆ. ಏನನ್ನೂ ವಿವರಿಸಲಿಲ್ಲ. ಅದೇ ನಾನು ಮಾಡಿದ ಎಡವಟ್ಟು. ಇದರೊಳಗೆ ಏನಿದೆ, ಇದು ಯಾವ ಕಂಪ್ಯೂಟರಿನದು ಎಂದು ಹೇಳಬೇಕಿತ್ತು. "ಕಾಣ್ತಿಲ್ಲ" ಎಂದಷ್ಟೇ ಹೇಳಿದೆ.

ಮಾಮ ತಮ್ಮ ಗಿಡ್ಡನೆಯ ದಪ್ಪ ವೈರು ಹಾಕಿ ಸಿಕ್ಕಿಸಿದರು. ಅಕ್ಕಾ, ಸುಂಯ್ ಎಂದು ಒಂದೇ ಏಟಿಗೆ ತಿರುಗಿತು! ಟಿಕ್ ಇಲ್ಲ, ಏನಿಲ್ಲ. ಅಷ್ಟರಲ್ಲಿ ಅವರ ಪರದೆಯ ಮೇಲೆ ಒಂದು ಡಬ್ಬಿ ಎದ್ದಿತು. ಮಾಮ ನಗುತ್ತ "ನಿನ್ನ ಡಿಸ್ಕಿಗೆ ಏನೂ ಆಗಿಲ್ಲ ಕಣೋ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತಿದೆ ಅಷ್ಟೇ. ಒಂದು ಒತ್ತು ಒತ್ತಿದ್ರೆ ಮದುಮಗನ ಥರ ಹೊಳೆಯುತ್ತೆ" ಎಂದು ಮೌಸಿನ ಮೇಲೆ ಬೆರಳಿಟ್ಟರು. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸುವುದು ಎಂದು ನೀನು ಹೇಳಿದ್ದು ನನಗೆ ಗೊತ್ತು. ಬೇಡ ಎನ್ನಬೇಕು. ಎರಡು ಅಕ್ಷರ. ಬಾಯಿ ತೆರೆದೆ, ಬರಿಯ ಗಾಳಿ ಬಂತು. ಪಕ್ಕದವರು ಯಾರೋ ಚಾರ್ಜರಿಗೆ ಜಗಳವಾಡುತ್ತಿದ್ದರು, ಮಾಮ ಅವರಿಗೆ ಉತ್ತರ ಕೊಡುತ್ತಲೇ ಬಾಣದ ಗುರುತನ್ನು ಆ ಡಬ್ಬಿಯ ಮೇಲೆ ತಂದು ನಿಲ್ಲಿಸಿದರು. ನಾನು ಗಾಜಿನ ಕಟ್ಟೆಯ ಮೇಲೆ ಬಗ್ಗಿ, ಮೌಸು ಹಿಡಿದಿದ್ದ ಅವರ ಕೈಯನ್ನು ನನ್ನ ಬೊಬ್ಬೆ ಬಂದ ಕೈಯಿಂದ ಗಟ್ಟಿಯಾಗಿ ಹಿಡಿದು ಮೇಲಕ್ಕೆ ಎತ್ತಿಬಿಟ್ಟೆ. ಸ್ಕ್ರೂಗಳ ಡಬ್ಬಿ ನೆಲಕ್ಕೆ ಬಿದ್ದು ಚೆಲ್ಲಿತು.

"ಏನಪ್ಪಾ, ಹುಡುಗೀರ ಕೈ ಸಿಗ್ಲಿಲ್ವಾ ಹಿಡಿಯೋಕೆ?" ಎಂದರು ಮಾಮ. ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. ಆಗ ಅವರು ನನ್ನ ಮುಖ ನೋಡಿ ಮೆತ್ತಗೆ "ಏನಿದೆಯೋ ಇದ್ರಲ್ಲಿ?" ಎಂದು ಕೇಳಿದರು. "ಅಮ್ಮ" ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಬಸ್ ಸ್ಟ್ಯಾಂಡ್ ಅಮ್ಮನಾ? ಅವರ ದನೀನಾ?" ಎಂದವರೇ, ಕಾದ ಇಸ್ತ್ರಿ ಮುಟ್ಟಿದವರ ಹಾಗೆ ಮೌಸು ಬಿಟ್ಟು ಹಿಂದೆ ಸರಿದರು. ಆಮೇಲೆ ಪರದೆಯ ಆ ಡಬ್ಬಿಯನ್ನು ಬೇಡ ಎಂದು ಮುಚ್ಚಿ, ಡಿಸ್ಕನ್ನು ಕ್ರಮವಾಗಿ ಬಿಡಿಸಿ ಕೊಟ್ಟರು. ಇದು ಲಿನಕ್ಸಿನ ಡಿಸ್ಕು, ನನ್ನ ಕಂಪ್ಯೂಟರಿಗೆ ಇದರ ಲಿಪಿ ಓದಲು ಬರುವುದಿಲ್ಲ, ಓದಲು ಬಾರದ್ದನ್ನೆಲ್ಲ ಅದು ಖಾಲಿ ಎಂದುಕೊಳ್ಳುತ್ತದೆ ಎಂದು ವಿವರಿಸಿದರು. "ಬೆಳಿಗ್ಗೆ ಎದ್ದು ಯಾರ ಮುಖ ನೋಡಿದ್ನೋ, ಇವತ್ತು ದೊಡ್ಡ ಪಾಪ ತಪ್ಪಿಹೋಯ್ತು" ಎಂದು ಹಣೆ ಒರೆಸಿಕೊಂಡರು. ತಮ್ಮ ದಪ್ಪ ವೈರನ್ನೂ, ನಕಲು ಮಾಡಿಕೊಳ್ಳಲು ಒಂದು ದೊಡ್ಡ ಪೆನ್‌ಡ್ರೈವನ್ನೂ ನನ್ನ ಜೇಬಿಗೆ ತುರುಕಿ, "ಇಲ್ಲಿ ತಿರುಗೋದು ನಿಮ್ಮನೇಲಿ ಯಾಕೆ ತಿರುಗಲ್ಲ? ಅಷ್ಟು ಮಾತ್ರ ಯೋಚನೆ ಮಾಡ್ಕೊಂಡು ಹೋಗು" ಎಂದರು. ನಾನು ಸ್ಕ್ರೂಗಳನ್ನೆಲ್ಲ ಆರಿಸಿಕೊಟ್ಟು ಬಂದೆ.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅಲ್ಲಿಗೂ ಇಲ್ಲಿಗೂ ಬದಲಾದದ್ದು ವೈರು ಒಂದೇ. ಲಾಂಡ್ರಿಯಲ್ಲಿ ಉದ್ದದ ಸಪೂರ ವೈರಿನ ತುದಿಗೆ ಇಸ್ತ್ರಿ ಹಾಕಿದವರು ಯಾವಾಗಲೂ ಕಾವಿಲ್ಲ ಕಾವಿಲ್ಲ ಎಂದು ಗೊಣಗುತ್ತಾರೆ. ಡಿಸ್ಕಿಗೂ ಅದೇ ಕಥೆ. ದಿನಾ ಕಿತ್ತು ಸಿಕ್ಕಿಸಿ ಸಡಿಲವಾದ ಆ ಜೋಡುವೈರಿನಲ್ಲಿ ಬೀರುವಿನವರೆಗೆ ಹೋಗುವಷ್ಟರಲ್ಲಿ ಕರೆಂಟು ಸೊರಗುತ್ತಿತ್ತು, ಪಾಪ, ಏಳಲು ತ್ರಾಣವಿಲ್ಲದೆ ಟಿಕ್ ಎನ್ನುತ್ತಿತ್ತು. ಮನೆಗೆ ಬಂದು ಡಿಸ್ಕನ್ನು ಮೇಜಿನ ಮೇಲಿಟ್ಟರೆ ಅಮ್ಮ ಮಫ್ಲರು ಹಿಡಿದು ಅಡ್ಡ ಬಂದಳು. ಬರಿಮೈಯಲ್ಲಿ ಇಡಬೇಡ ಎಂದು ಕಣ್ಣು ಕೆಕ್ಕರಿಸಿದಳು. "ಅಮ್ಮಾ, ಇದಕ್ಕೆ ಗಂಟಲಿಲ್ಲ. ಸೆಕೆಯಾದ್ರೆ ಇದು ಸಾಯುತ್ತೆ" ಎಂದೆ. ನನ್ನ ದನಿ ಜೋರಾಯಿತು ಅಂತ ಕಾಣುತ್ತದೆ. ಅಮ್ಮ ಮಫ್ಲರನ್ನು ತನ್ನ ಕತ್ತಿಗೇ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಳು.

ದಪ್ಪ ವೈರನ್ನು ಕಂಪ್ಯೂಟರಿನ ಹಿಂಬದಿಗೇ ನೇರ ಹಾಕಿದೆ. ತಿರುಗಿತು. ಸಾಲಾಗಿ ತೋರಿಸುವ ಆಜ್ಞೆ ಹೊಡೆದೆ, ಎರಡನೇ ಹೆಸರು ಬಂತು! ಅಮ್ಮ ನನ್ನ ಬೆನ್ನಿಗೆ ಗುದ್ದಿದಳು. ಆದರೆ ತೆರೆಯಲು ಹೋದರೆ ತೆರೆಯಲಿಲ್ಲ. ಒಳಗಿನ ಜೋಡಣೆ ಕೆಟ್ಟಿದೆ, ಮೊದಲು ಶುಚಿ ಮಾಡಬೇಕು ಎಂದು ಕೆಂಪು ಅಕ್ಷರದಲ್ಲಿ ಬಂತು. ಕಂಪ್ಯೂಟರು ಡಿಸ್ಕಿಗೆ ಬರೆಯುತ್ತಿರುವಾಗಲೇ ರಾತ್ರಿ ರಾತ್ರಿ ವೈರು ಕಿತ್ತರೆ ಇನ್ನೇನಾಗುತ್ತದೆ. ರಿಪೇರಿ ಮಾಡುವ ಆಜ್ಞೆ ನನಗೆ ಗೊತ್ತಿತ್ತು. ಅಮ್ಮ ಎರಡು ಚಪ್ಪಾಳೆ ತಟ್ಟಿದಳು, ಬೇಗ ಮಾಡು ಎಂದು. ನಾನು ಆಜ್ಞೆಯನ್ನು ಪೂರ್ತಿ ಹೊಡೆದೂ ಆಗಿತ್ತು, ಕೊನೆಯ ಗುಂಡಿ ಒತ್ತುವುದೊಂದೇ ಬಾಕಿ. "ಮೊದಲು ನಕಲು, ಆಮೇಲೆ ರಿಪೇರಿ. ಕುಸಿಯೋ ಮನೇಲಿ ಗೋಡೆ ಕಟ್ಟೋ ಮುಂಚೆ ಮಕ್ಕಳನ್ನ ಹೊರಗೆ ತರ್ತಾರೆ" ಎಂದು ನೀನು ಹೇಳಿದ್ದು ಆಗ ನೆನಪಾಯಿತು. ಹೊಡೆದದ್ದನ್ನೆಲ್ಲ ಒಂದೊಂದೇ ಅಕ್ಷರ ಅಳಿಸಿದೆ. ಬರೆಯಲು ಬಿಡದೆ, ಓದಲು ಮಾತ್ರ ಎಂದು ಹೇಳಿ ಡಿಸ್ಕನ್ನು ಮೌಂಟ್ ಮಾಡುವುದನ್ನು, ಅಂದರೆ ತೆರೆಯುವುದನ್ನು, ತೋರಿಸಿಕೊಟ್ಟಿದ್ದೆಯಲ್ಲ, ಅದನ್ನು ಹೊಡೆದೆ. ಎಲ್ಲೋ ಒಂದು ಜಾಗ ಬಿಡಬಾರದ ಕಡೆ ಬಿಟ್ಟಿದ್ದೆ, ಬೈದು ಕಳಿಸಿತು. ಕೈ ಒರೆಸಿಕೊಂಡು ಮತ್ತೆ ಹೊಡೆದೆ. ಏನೂ ಹೇಳಲಿಲ್ಲ. ಬೈಗುಳವೂ ಇಲ್ಲ, ಶಹಬ್ಬಾಸೂ ಇಲ್ಲ. ಈ ಯಂತ್ರ ಸುಮ್ಮನಿದ್ದರೆ ಕೆಲಸವಾಯಿತು ಎಂದರ್ಥ, ನಮ್ಮಮ್ಮ ಸುಮ್ಮನಿದ್ದರೆ ಕೆಲಸ ಕೆಟ್ಟಿತು ಎಂದರ್ಥ ಎಂದು ನೀನು ನಗುತ್ತಿದ್ದೆ. ಫೋಲ್ಡರ್ ತೆರೆದೆ. ಇತ್ತು, ಅಕ್ಕಾ. ನೀನು ಹೆಸರಿಟ್ಟ ಹಾಗೇ, ಸಾಲು ಸಾಲಾಗಿ ಇತ್ತು.

ಪೆನ್‌ಡ್ರೈವಿಗೆ ನಕಲು ಹಚ್ಚಿ ಇಬ್ಬರೂ ನಕಲು ಎಷ್ಟಾಯಿತೆಂದು ತೋರಿಸುವ ಪರದೆಯ ಪಟ್ಟಿಯನ್ನೇ ನೋಡುತ್ತ ಕೂತೆವು. ಮಧ್ಯದಲ್ಲೊಮ್ಮೆ ಪಟ್ಟಿ ನಿಂತಿತು. ಡಿಸ್ಕು ಒಂದು ಸಲ ಟಿಕ್ ಎಂದಿತು. ನಾನು ಏಳಹೋದರೆ ಅಮ್ಮ ತೊಡೆ ಹಿಡಿದು ಕೂರಿಸಿದಳು. ಮೇಜು ಅಲುಗಬಾರದು ಎಂದು ಇಬ್ಬರೂ ಕಾಲು ಮೇಲೆತ್ತಿಕೊಂಡೆವು. ಅಪ್ಪನ ಫೋನು ಬಂತು, ಎತ್ತಲಿಲ್ಲ. ಪಟ್ಟಿ ಮತ್ತೆ ಚೂರು ಸರಿಯಿತು, ಮತ್ತೆ ನಿಂತಿತು, ಆಮೇಲೆ ಸರಸರನೆ ಓಡಿ ಮುಗಿಯಿತು. ಇವತ್ತು ಬೆಳಿಗ್ಗೆ ಎರಡನೇ ನಕಲು ಮಾಡಿದೆ, ಅದು ಸ್ಕ್ರೂ ಮಾಮನ ಅಂಗಡಿಯಲ್ಲಿ ಭದ್ರವಾಗಿದೆ. ಡಿಸ್ಕನ್ನು ರಿಪೇರಿ ಮಾಡಿ, ಕಂಪ್ಯೂಟರಿಗೆ ಹೇಳಿ, ಅದು ಬಿಟ್ಟುಕೊಟ್ಟ ಮೇಲೆ ತೆಗೆದಿಟ್ಟಿದ್ದೇನೆ. ಒಂದು ರೆಕಾರ್ಡಿಂಗ್ ಮಾತ್ರ ಹೋಗಿದೆ. ಶನಿವಾರ ಸಂಜೆ ಅಮ್ಮ ಬಾಗಿಲು ಹಾಕಿಕೊಂಡು ತಾನೊಬ್ಬಳೇ ಮಾಡಿದ್ದು. ಹೆಸರಿದೆ, ಒಳಗೆ ಸೊನ್ನೆ. ಅದು ಉಳಿಯುವ ಮುಂಚೆಯೇ ವೈರು ಕಿತ್ತಿದ್ದಾಳೆ. ಮುಖ್ಯವಾದದ್ದಲ್ಲ ಎಂದು ಅಮ್ಮ ಕೈಯಾಡಿಸಿದಳು.

ಉಳಿದದ್ದೆಲ್ಲ ಇದೆ. ‘ನೀರು ಬೇಕು’ ಒತ್ತಿದೆ. ಅಮ್ಮನ ದನಿ ತುಂಬಿಕೊಂಡು ಬಂತು, ಮೊದಲಿನದು, ಗಾಜಿನಂಥದ್ದು. ಕೊನೆಯಲ್ಲಿ ನೀನು ಹಿಂದಿನಿಂದ "ಅಮ್ಮಾ, ಹಾಗೆ ರಾಗ ಎಳೀಬೇಡ, ನೀರು ಬಸ್ಸಲ್ಲ" ಎಂದು ಬೈದದ್ದೂ ಸೇರಿದೆ. ನಾನು ಅತ್ತುಬಿಟ್ಟೆ. ಅಮ್ಮ ಅಳಲಿಲ್ಲ. ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡು, ಮೇಲೆ ಬೆರಳು ತೋರಿಸಿದಳು, ಫ್ಯಾನಿನ ಸದ್ದು ಬಂದಿದೆಯಂತೆ. ಅಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. "ಸರಿ, ಇನ್ನು ಗೇರ್ ಹಾಕ್ತೀನಿ" ಎಂದು ಇಟ್ಟರು.

ಆಪರೇಷನ್ನಿನ ಬಗ್ಗೆ ಹೊಸದೇನೂ ಇಲ್ಲ ಎಂದು ಬರೆ ಎಂದು ಅಮ್ಮ ಪರದೆ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಾಳೆ. ಬರೆದಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿ ಯಂತ್ರದ ಹತ್ತಿರ ಕೂದಲು ಬಿಚ್ಚಿಕೊಂಡು ನಿಲ್ಲಬೇಡ, ಇದು ಅಮ್ಮ ಬರೆಸಿದ್ದು. ನಿನಗೆ ಹೆದರಿಕೆಯಾದಾಗ ನಮ್ಮನ್ನು ನೆನೆಸಿಕೋ, ಇದು ನಾನೇ ಬರೆದದ್ದು. ಅಮ್ಮನ ಆಶೀರ್ವಾದ, ಅಪ್ಪನ ಬಸ್ಸಿನ ಹಾರನ್ನು, ನನ್ನ ನಮಸ್ಕಾರ.

ನಿನ್ನ ಪ್ರೀತಿಯ,
ತಮ್ಮ

ಮರೆತ ಮಾತು: ಅಮ್ಮ ಮಾತ್ರೆ ತೆಗೆದುಕೊಳ್ಳಲು ಒಳಗೆ ಹೋದಳು, ತಪ್ಪಿದ್ದರೆ ತಿದ್ದಿಕೊಂಡು ಓದು. ಆಪರೇಷನ್ ಹತ್ತಿರಕ್ಕೆ ಬಂದಿದೆ. ಮುಂದಿನ ತಿಂಗಳಲ್ಲ, ನಾಡಿದ್ದು ಗುರುವಾರ ಬೆಳಿಗ್ಗೆ. ಕಾಯಬಾರದು ಎಂದರಂತೆ. ನಿನಗೆ ಹೇಳಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಆಣೆಯ ಪಾಪ ನನಗಿರಲಿ. ಸೊನ್ನೆಯಾದ ಆ ರೆಕಾರ್ಡಿಂಗಿನ ಹೆಸರು ನೋಡಿದೆ, ಅದು ನಿನ್ನ ಹೆಸರು. ಅದು ಹೋಯಿತು ಎಂದು ಗೊತ್ತಾದಾಗಿನಿಂದ ಅಮ್ಮ ನಮ್ಮ ಯಾರ ಹತ್ತಿರವೂ ಒಂದು ಪಿಸುಮಾತೂ ಆಡಿಲ್ಲ. ಡಾಕ್ಟರು ಹೇಳಿದ್ದಕ್ಕೆ ಎಂದು ಸನ್ನೆ ಮಾಡುತ್ತಾಳೆ, ಅಲ್ಲ. ಉಳಿದಿರುವಷ್ಟು ದನಿಯನ್ನು ಕೂಡಿಡುತ್ತಿದ್ದಾಳೆ. ಇದನ್ನು ಓದಿದ ತಕ್ಷಣ ಕ್ಯಾಪ್ಟನ್ನನ್ನು ಕೇಳಿ ಫೋನು ಮಾಡು, ನಾಳೆಯೊಳಗೆ ಮಾಡು. ಡಿಸ್ಕಿನ ವಿಷಯ ಎತ್ತಬೇಡ, ಅಳಲೂ ಬೇಡ, ಎಂಜಿನ್ ಸದ್ದಿಲ್ಲದ ಕಡೆ ನಿಂತು ಮಾಡು. ನೀನು ಏನೂ ಮಾತಾಡಬೇಡ ಅಕ್ಕಾ. ಕೇಳಿಸಿಕೋ ಸಾಕು. ಬಂದಳು.